ಕಕ್ಕಿಂಜೆಯಲ್ಲಿ ತೆರೆದುಕೊಳ್ಳುತ್ತಿದ್ದ ಕಾರು

ಅವರ ಮುಂದಿನ ಹಲ್ಲೊಂದರಲ್ಲಿ ಸರಿಯಾಗಿ ಒಂದು ವಯರು ಕೂರುವಷ್ಟು ಕಚ್ಚು ಇತ್ತು. ಎಷ್ಟೋ ವರ್ಷ ವಯರಿನ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಸುಲಿದು ಬಿದ್ದ ಕಚ್ಚು ಅದು. ಮಾತಾಡುವಾಗಲೂ ಬಾಯಿಯ ಮೂಲೆಯಲ್ಲಿ ಒಂದು ತುಂಡು ಕೆಂಪು ವಯರು ಇರುತ್ತಿತ್ತು. ಮುಖ್ಯವಾದದ್ದನ್ನು ಹೇಳಬೇಕಾದಾಗ ಮಾತ್ರ ಅದನ್ನು ತೆಗೆದು ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಿದ್ದರು.

ಬಂಟ್ವಾಳದಲ್ಲಿ ಕಾರಿನ ವಯರಿಂಗ್ ಕೆಟ್ಟರೆ ಜನ ಅವರ ತಗಡಿನ ಶೆಡ್ಡಿಗೇ ಹೋಗುತ್ತಿದ್ದರು. ಎಲ್ಲರಂತೆ ನಾನೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆ. ನನ್ನದು ಮದ್ದಿನ ಅಂಗಡಿಗಳಿಗೆ ಮದ್ದು ತಲುಪಿಸುವ ಕೆಲಸ. ಸೋಮವಾರ ವಿಟ್ಲ, ಮಂಗಳವಾರ ಮೂಡುಬಿದಿರೆ, ಗುರುವಾರ ಬೆಳ್ತಂಗಡಿಯಿಂದ ಕಕ್ಕಿಂಜೆಯವರೆಗೆ. ಹಿಂದಿನ ಸೀಟಿನಲ್ಲಿ ಮದ್ದಿನ ರಟ್ಟಿನ ಪೆಟ್ಟಿಗೆಗಳು, ಕೆಳಗೆ ಇನ್ಸುಲಿನ್ ಇಟ್ಟ ಐಸ್ ಬಾಕ್ಸ್. ಕಾರಿನ ಬೀಗ ಸರಿಯಿಲ್ಲದಿದ್ದರೆ ನನ್ನ ಕೆಲಸವೇ ಹೋದಂತೆ.

ಕಾರನ್ನು ಮೂಡುಬಿದಿರೆಯ ಒಂದು ಮನೆಯಿಂದ ಕೊಂಡಿದ್ದೆ. ಗಲ್ಫಿನಲ್ಲಿದ್ದು ಬಂದು ಊರಲ್ಲಿ ನೆಲೆಸಿದ್ದ ಮನುಷ್ಯ ಎದೆನೋವು ಬಂದು ತೀರಿಕೊಂಡಿದ್ದರು. ಅವರ ಹೆಂಡತಿ ಒಂದು ಕೀ, ಒಂದು ರಿಮೋಟು ಕೊಟ್ಟು, "ಇನ್ನೊಂದು ರಿಮೋಟು ಎಲ್ಲಿ ಹೋಯ್ತೋ ಗೊತ್ತಿಲ್ಲ" ಎಂದಿದ್ದರು. ಹಿಂದಿನ ಎಡ ಬಾಗಿಲು ಬೀಗ ಬೀಳುವಾಗ ಸ್ವಲ್ಪ ತಡವರಿಸುತ್ತಿತ್ತು. ಅದನ್ನು ತೋರಿಸಲು ಮೇಸ್ತ್ರಿಯ ಹತ್ತಿರ ಹೋದೆ.

ಅವರು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ಹಾಕಿ, ಟಾರ್ಚು ಬಿಟ್ಟು, ವಯರುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಹೊರಬಂದು ಬಾಯಿಯ ವಯರು ತೆಗೆದರು.

"ಇದು ನನ್ನ ಕೈಯ ಕೆಲಸ. ಟೇಪು ಸುತ್ತಿದ್ದು ನೋಡಿ ಗೊತ್ತಾಯ್ತು. ಒಬ್ಬರು ಉದ್ದದ ಜನ, ಮೂಡುಬಿದಿರೆಯಿಂದ ಬಂದು ಸೆಂಟ್ರಲ್ ಲಾಕ್ ಹಾಕಿಸಿಕೊಂಡು ಹೋಗಿದ್ರು. ಇನ್ನೊಂದು ರಿಮೋಟು ಎಲ್ಲಿ?"

"ಕಳೆದುಹೋಗಿದೆಯಂತೆ."

"ಕಳೆದುಹೋಗಿದೆ ಅಂದ್ರೆ ನಿಮಗೆ ಕಾಣುವುದಿಲ್ಲ ಅಂತ ಅಷ್ಟೆ ಅಕ್ಕ. ಎಲ್ಲಿಯೋ ಉಂಟು ಅದು. ಲಾಕಿನ ಬಾಕ್ಸ್ ಬದಲಿಸುವ, ಆಗ ಹಳೆ ರಿಮೋಟು ನಡೆಯುವುದಿಲ್ಲ."

ನನಗೆ ಅವಸರವಿತ್ತು. ಇನ್ನೊಮ್ಮೆ ಬರುತ್ತೇನೆ ಎಂದೆ. ಅವರು ಎಡ ಬಾಗಿಲನ್ನು ಮಾತ್ರ ಸರಿ ಮಾಡಿ, ರಿಮೋಟು ಒತ್ತಿದರು. ಕಾರು ಕೂಗಿತು, ಲೈಟು ಮಿನುಗಿತು. ನಾನು ಚೀಲ ಎತ್ತಿಕೊಂಡರೆ, ಅವರು ಕಾರಿಗೆ ಸುತ್ತು ಹಾಕಿ ನಾಲ್ಕು ಹಿಡಿಗಳನ್ನೂ ಎಳೆದು, ಡಿಕ್ಕಿಯನ್ನೂ ಎಳೆದು ನೋಡಿದರು.

"ಲೈಟು ಮಿನುಗಿದ್ರೆ ಬಾಕ್ಸಿಗೆ ಕೇಳಿತು ಅಂತ ಅರ್ಥ. ಬಾಗಿಲಿಗೆ ಕೇಳಿತಾ ಇಲ್ವಾ ಅಂತ ಅದು ಹೇಳುವುದಿಲ್ಲ. ಅದನ್ನು ಕೈಯಲ್ಲೇ ನೋಡ್ಬೇಕು."

ಅಂದಿನಿಂದ ನಾನೂ ಹಾಗೆಯೇ ಮಾಡತೊಡಗಿದೆ. ರಿಮೋಟು ಒತ್ತಿ, ಸುತ್ತು ಬಂದು, ನಾಲ್ಕೂ ಬಾಗಿಲು ಎಳೆದು ನೋಡಿಯೇ ಅಂಗಡಿಯೊಳಗೆ ಕಾಲಿಡುವುದು. ಅದನ್ನು ಹೇಳುವುದಕ್ಕೆ ಕಾರಣವಿದೆ. ಕಕ್ಕಿಂಜೆಯಲ್ಲಿ ಆ ಗುರುವಾರವೂ ಹಾಗೆಯೇ ನೋಡಿದ್ದೆ. ಸಂಶಯವೇ ಇಲ್ಲ.

ಹತ್ತು ನಿಮಿಷದಲ್ಲಿ ಮದ್ದು ಕೊಟ್ಟು ವಾಪಸು ಬಂದರೆ ಬೀಗ ತೆರೆದಿತ್ತು. ಪೆಟ್ಟಿಗೆಗಳು ಇಟ್ಟಲ್ಲೇ ಇದ್ದವು, ಐಸ್ ಬಾಕ್ಸನ್ನು ಯಾರೂ ಮುಟ್ಟಿರಲಿಲ್ಲ. ಸಮಾಧಾನವಾಗಿ ಒಳಗೆ ಕೂತು ಕಾಲು ಚಾಚಿದೆ. ಕ್ಲಚ್ಚು ಸಿಗಲಿಲ್ಲ. ಬ್ರೇಕೂ ಸಿಗಲಿಲ್ಲ. ನಾನು ಕುಳ್ಳಿ, ಸೀಟನ್ನು ತೀರ ಮುಂದಕ್ಕೆ ಎಳೆದುಕೊಂಡೇ ಓಡಿಸುವವಳು. ಯಾರೋ ಅದನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿದ್ದರು.

ಮುಂದಿನ ಗುರುವಾರವೂ ಹಾಗೆಯೇ ಆಯಿತು. ವಿಟ್ಲದಲ್ಲಿ ಇಲ್ಲ, ಬೆಳ್ತಂಗಡಿಯಲ್ಲಿ ಇಲ್ಲ, ಕಕ್ಕಿಂಜೆಯಲ್ಲಿ ಮಾತ್ರ. ಮೂರನೆಯ ವಾರ ಮದ್ದಿನ ಅಂಗಡಿಯ ಕೌಂಟರಿನ ಹತ್ತಿರ ನಿಂತು ಬಿಲ್ಲು ಬರೆಯುತ್ತಾ ಕಾರಿನ ಕಡೆ ನೋಡಿದೆ. ಹಗಲು ಹನ್ನೊಂದು ಗಂಟೆ. ಕಾರಿನ ಬಳಿ ಒಂದು ನಾಯಿಯೂ ಇರಲಿಲ್ಲ. ರಿಮೋಟು ನನ್ನ ಮುಷ್ಟಿಯೊಳಗಿತ್ತು. ಆಗ ಕಾರು ಎರಡು ಸಲ ಮಿನುಗಿತು. ನಾಲ್ಕೂ ಬಾಗಿಲುಗಳ ಬೀಗ ಒಟ್ಟಿಗೆ ಬಿಟ್ಟುಕೊಂಡ ಸದ್ದು ಅಂಗಡಿಯೊಳಗಿದ್ದ ನನಗೂ ಕೇಳಿಸಿತು. ರಸ್ತೆಗೆ ಬೆನ್ನು ತಿರುಗಿಸಿ, ಅಂಗಡಿಯವರ ಜೊತೆ ಏನೇನೋ ಮಾತಾಡುತ್ತಾ ನಿಂತುಬಿಟ್ಟೆ. ಕೊನೆಗೆ ಧೈರ್ಯ ಮಾಡಿ ಹೋದರೆ ಸೀಟು ಹಿಂದಕ್ಕೆ ಹೋಗಿತ್ತು.

ಸಂಜೆ ಮನೆಯವರಿಗೆ ಹೇಳಿದೆ. "ಸತ್ತವರ ಕಾರು ಬೇಡ ಅಂತ ನಾನು ಆಗಲೇ ಹೇಳಿದ್ದೇನೆ. ಜೋಯಿಸರ ಹತ್ರ ಒಂದು ಪ್ರಶ್ನೆ ಕೇಳಿಸುವ" ಎಂದರು. ನನಗೆ 'ಉದ್ದದ ಜನ' ಎಂದು ಮೇಸ್ತ್ರಿ ಹೇಳಿದ್ದು ನೆನಪಾಯಿತು. ಆದರೆ ಸತ್ತವರಿಗೆ ಹೆದರುವುದಕ್ಕಿಂತ ಬದುಕಿದವರನ್ನು ಸಂಶಯಿಸುವುದು ಸುಲಭ. ರಿಮೋಟು ಎರಡು. ಲಾಕ್ ಹಾಕಿದವರು ಮೇಸ್ತ್ರಿ. ಮದ್ದು ಸಾಗಿಸುವ ಕಾರು ಎಂದೂ ಅವರಿಗೆ ಗೊತ್ತು. ಏನೂ ಕಳವಾಗಿಲ್ಲ ಎಂಬುದು ನನಗೆ ಆಗ ತೋಚಲೇ ಇಲ್ಲ.

ಮರುದಿನ ಶೆಡ್ಡಿಗೆ ಹೋಗಿ, ಬೇರೆ ಇಬ್ಬರು ಗಿರಾಕಿಗಳ ಎದುರಿಗೇ ಕೇಳಿದೆ: "ಇನ್ನೊಂದು ರಿಮೋಟು ನಿಮ್ಮ ಹತ್ರ ಉಂಟಾ ಮೇಸ್ತ್ರಿ? ಇದ್ರೆ ಕೊಟ್ಟುಬಿಡಿ."

ಗಿರಾಕಿಗಳು ಅವರ ಮುಖ ನೋಡಿದರು. ಮೇಸ್ತ್ರಿ ಸಿಟ್ಟಾಗಲಿಲ್ಲ. ವಯರು ತೆಗೆದು ಕಿವಿಗೆ ಸಿಕ್ಕಿಸಿ, ಏನೇನಾಯಿತು ಎಂದು ಕೇಳಿದರು. ಸೀಟಿನ ವಿಷಯ ಹೇಳಿದಾಗ ಮಾತ್ರ ಅವರ ಕಣ್ಣು ಸ್ವಲ್ಪ ಸಣ್ಣದಾಯಿತು.

"ಕಾರು ತಾನಾಗಿ ತೆರೆಯುವುದಿಲ್ಲ ಅಕ್ಕ. ಯಾರೋ ಕರೆಯುತ್ತಾರೆ. ಗುರುವಾರ ನಾನೂ ಬರ್ತೇನೆ."

ಶೆಡ್ಡಿಗೆ ಬಾಗಿಲು ಹಾಕಿ ಬಂದರು. ಉಜಿರೆ ದಾಟಿದ ಮೇಲೆ, ಎದುರಿಗೆ ಚಾರ್ಮಾಡಿಯ ಗುಡ್ಡಗಳು ಮಂಜು ಹೊದ್ದು ಕಾಣಿಸಿದಾಗ ಒಂದೇ ಮಾತು ಹೇಳಿದರು: "ನೀವು ಯಾವಾಗಿನ ಹಾಗೆ ಮದ್ದಿನ ಅಂಗಡಿಗೆ ಹೋಗಿ. ಕಾರು ನೋಡ್ಬೇಡಿ. ಕಾರು ನೋಡಿದ್ರೆ ಕಾರೇ ಕಾಣುವುದು. ನಾನು ರಸ್ತೆ ನೋಡ್ತೇನೆ."

ಬಸ್ ಸ್ಟಾಂಡಿನ ಕಟ್ಟೆಯಲ್ಲಿ ಅವರು ಕೂತರು. ನಾನು ಬಾಗಿಲುಗಳನ್ನು ಎಳೆದು ನೋಡಿ ಅಂಗಡಿಗೆ ಹೋದೆ. ಬಿಲ್ಲು ಬರೆಯತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ಬೀಗ ತೆರೆದ ಸದ್ದು. ಈ ಸಲ ತಿರುಗಿ ನೋಡಿದೆ.

ಎದುರಿನ ಸಾಲಿನ ಹೊಲಿಗೆ ಅಂಗಡಿಯಿಂದ ಐವತ್ತು ದಾಟಿದ ಒಬ್ಬ ಹೆಂಗಸು ಇಳಿದು ಬಂದರು. ಕೊರಳಲ್ಲಿ ಅಳತೆಯ ಟೇಪು. ಅವಸರವಿಲ್ಲದೆ ರಸ್ತೆ ದಾಟಿ, ಕಾರಿನ ಮುಂದಿನ ಬಾಗಿಲು ತೆಗೆದು, ಬಗ್ಗಿ, ಸೀಟನ್ನು ಹಿಂದಕ್ಕೆ ತಳ್ಳಿದರು. ಸೀಟಿನ ಮೇಲಿನ ಧೂಳು ಒರೆಸಿದರು. ಮಲಗಿದವರು ಎಚ್ಚರವಾಗದಂತೆ ಮೆಲ್ಲನೆ ಬಾಗಿಲು ಮುಚ್ಚಿ ಮರಳಿ ಹೋಗಿ ಹೊಲಿಗೆಗೆ ಕೂತರು.

ನಾನೂ ಮೇಸ್ತ್ರಿಯೂ ಹೊಲಿಗೆ ಅಂಗಡಿಯೊಳಗೆ ಹೋದಾಗ ಅವರು ಗಾಬರಿಯಾಗಲಿಲ್ಲ. ಮೆಷಿನಿನ ಪಕ್ಕದಲ್ಲಿ, ನೂಲಿನ ಉಂಡೆಗಳ ನಡುವೆ, ಆ ಇನ್ನೊಂದು ರಿಮೋಟು ಇತ್ತು. ಕಾರು ಅವರ ತಮ್ಮನದು. ಬದುಕಿದ್ದಾಗ ಇಲ್ಲಿಗೆ ಬಂದಾಗಲೆಲ್ಲ ಅಲ್ಲೇ ನಿಲ್ಲಿಸುತ್ತಿದ್ದ. ಒಂದು ರಿಮೋಟನ್ನು ಅಕ್ಕನ ಬಳಿಯೇ ಬಿಟ್ಟಿದ್ದ.

"ಅವನಿಗೆ ಮೊಣಕಾಲು ನೋವು ಅಣ್ಣ" ಎಂದು ಮೇಸ್ತ್ರಿಗೆ ಹೇಳಿದರು. "ಯಾರೋ ಪ್ರತಿ ಸಲ ಸೀಟು ಮುಂದೆ ಎಳೆದಿಡ್ತಾರೆ."

ಆ ಯಾರೋ ನಾನು. ಅಲ್ಲಿ ನಿಂತಿದ್ದ ನನಗೆ, ಆ ಕಾರಿನಲ್ಲಿ ಇಷ್ಟು ದಿನ ಹಕ್ಕಿಲ್ಲದೆ ಕೂತವಳು ನಾನೇ ಎನಿಸಿತು.

"ತಮ್ಮ ತೀರಿಹೋಗಿದ್ದಾರಲ್ಲ ಅಕ್ಕ?" ಮೇಸ್ತ್ರಿ ಮೆಲ್ಲಗೆ ಕೇಳಿದರು.

"ಗೊತ್ತುಂಟು. ಅವನ ಕ್ರಿಯೆ ಮುಗಿದ ಮೇಲೆ ಬೊಜ್ಜದ ಊಟಕ್ಕೆ ನಾನೇ ಎಲೆ ಹಾಕಿದ್ದು. ಆದ್ರೂ ಕರೆದ್ರೆ ಓ ಅಂತಾನಲ್ಲ" ಎಂದು ಅವರು ರಿಮೋಟು ಎತ್ತಿ ಒತ್ತಿದರು. ಹೊರಗೆ ಬಿಸಿಲಿನಲ್ಲಿ ಕಾರು ಮಿನುಗಿತು. ಅವರ ಮುಖ ಅರಳಿತು.

ನಾನು ರಿಮೋಟಿಗೆ ಕೈ ಚಾಚಿದೆ. ಮೇಸ್ತ್ರಿ ನನ್ನ ಕೈಗೆ ಅಡ್ಡ ನಿಂತರು. "ಅದು ಅವರ ಹತ್ರ ಇರ್ಲಿ. ನಾವು ಹೋಗುವ."

ಬಂಟ್ವಾಳಕ್ಕೆ ಬಂದವರೇ ಮೇಸ್ತ್ರಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ಹಾಕಿದರು. ನಾಲ್ಕು ಬಾಗಿಲಿಗೂ ಹೊಸ ಬಾಕ್ಸ್ ಕೂರಿಸಿ ನನಗೆ ಹೊಸ ರಿಮೋಟು ಕೊಟ್ಟರು. ಹಳೆಯ ಬಾಕ್ಸನ್ನು ಎಸೆಯಲಿಲ್ಲ. ಬಾಗಿಲಿಗೆ ಹೋಗುವ ವಯರುಗಳನ್ನೆಲ್ಲ ಬಿಡಿಸಿ, ಇಂಡಿಕೇಟರ್ ಲೈಟಿನ ವಯರು ಮಾತ್ರ ಉಳಿಸಿ, ಹೊಸ ಟೇಪು ಸುತ್ತಿದರು.

"ಬಾಗಿಲು ನಿಮ್ಮದು. ಲೈಟು ಅವರಿಗಿರ್ಲಿ" ಎಂದರು.

ಮುಂದಿನ ಗುರುವಾರ ಕಾರು ಮಿನುಗಿತು, ಬೀಗ ಬಿಡಲಿಲ್ಲ. ಹೊಲಿಗೆಯವರು ರಸ್ತೆ ದಾಟಿ ಬಂದು ಹಿಡಿ ಎಳೆದರು. ಮತ್ತೊಮ್ಮೆ ಎಳೆದರು. ಗಾಜಿಗೆ ಹಣೆ ತಾಗಿಸಿ ಒಳಗೆ ಇಣುಕಿ, ಏನೋ ಹೇಳಿ, ಹೊರಟುಹೋದರು. ಅದನ್ನು ನೋಡಿದ ಮೇಲೆ ನಾನು ಕಕ್ಕಿಂಜೆಯಲ್ಲಿ ಇಳಿಯುವ ಮೊದಲು ಸೀಟನ್ನು ನಾನೇ ಹಿಂದಕ್ಕೆ ತಳ್ಳಿಡತೊಡಗಿದೆ. ಇದನ್ನು ಮನೆಯವರಿಗೆ ಹೇಳಿಲ್ಲ.

ಗಿರಾಕಿಗಳ ಎದುರು ಆಡಿದ ಮಾತನ್ನು ಮೇಸ್ತ್ರಿ ಮತ್ತೆಂದೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಆ ಇಬ್ಬರಲ್ಲಿ ಒಬ್ಬರು ಆಮೇಲೆ ಅವರ ಶೆಡ್ಡಿಗೆ ಬರುವುದನ್ನೇ ನಿಲ್ಲಿಸಿದರೆಂದು ಬೇರೆಯವರಿಂದ ತಿಳಿಯಿತು. ತಪ್ಪಾಯಿತು ಎನ್ನಬೇಕೆಂದು ಎಷ್ಟೋ ಸಲ ಹೋದೆ. ಹಾರ್ನು, ಫ್ಯೂಸು ಎಂದು ಏನಾದರೂ ನೆಪ ಹೇಳಿ ಬಂದೆ.

ಹೋದ ವರ್ಷ ಒಂದು ಮಧ್ಯಾಹ್ನ ಯಾವ ನೆಪವೂ ಇಲ್ಲದೆ ಹೋದೆ. ಶೆಡ್ಡಿನಲ್ಲಿ ಯಾರದೋ ಬಿಳಿ ಕಾರು ನಿಂತಿತ್ತು, ಇಂಜಿನು ಓಡುತ್ತಿತ್ತು. ಮೇಸ್ತ್ರಿ ಡ್ರೈವರ್ ಸೀಟಿನಲ್ಲಿ ಕೂತು ಸ್ಟಿಯರಿಂಗನ್ನೇ ನೋಡುತ್ತಿದ್ದರು. ಕರೆದೆ. ಗಾಜು ತಟ್ಟಿದೆ. ನಾಲ್ಕೂ ಬಾಗಿಲಿಗೆ ಬೀಗ ಬಿದ್ದಿತ್ತು. ಅವರ ತೊಡೆಯ ಮೇಲೆ ರಿಮೋಟು ಇತ್ತು. ಕಣ್ಣು ತೆರೆದಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ.

ಪಕ್ಕದ ಪಂಚರ್ ಅಂಗಡಿಯವರು ಓಡಿ ಬಂದರು. ಅವರ ಕೈಯಿಂದ ವೀಲ್ ಸ್ಪಾನರ್ ಕಿತ್ತುಕೊಂಡು ನಾನೇ ಗಾಜು ಒಡೆದೆ. ಎಸಿಯ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಕೈ ಹಿಡಿದೆ, ಆ ಗಾಳಿಯಷ್ಟೇ ತಣ್ಣಗಿತ್ತು, ನಾಡಿ ಸಿಗಲಿಲ್ಲ. ಪಂಚರಿನವರು ಆಂಬ್ಯುಲೆನ್ಸಿಗೆ ಫೋನು ಮಾಡುತ್ತಾ ರಸ್ತೆಗೆ ಓಡಿದರು. ಶೆಡ್ಡಿನಲ್ಲಿ ನಾವಿಬ್ಬರೇ ಉಳಿದೆವು.

ಅವರ ಅಂಗಿಯ ತುಂಬ ಗಾಜಿನ ಚೂರು ಬಿದ್ದಿತ್ತು. ಒಂದೊಂದಾಗಿ ಹೆಕ್ಕುತ್ತಾ, "ಅವತ್ತು ನಾನು ಹೇಳಿದ್ದು ತಪ್ಪಾಯ್ತು ಮೇಸ್ತ್ರಿ" ಎಂದೆ. ಆಂಬ್ಯುಲೆನ್ಸ್ ಬರುವವರೆಗೂ ಹೆಕ್ಕುತ್ತಲೇ ಇದ್ದೆ.