ಕಿರಿಸೊಸೆಯ ಕಥೆ ಕೇಳಿದವರು

ಈಗಿನವರು ಅಂಥ ಪುಸ್ತಕಕ್ಕೆ ಕಾದಂಬರಿ ಎನ್ನುತ್ತಾರೆ. ನರಗುಂದದ ಗದ್ದಲಕ್ಕೆ ಮೂರು ವರ್ಷ ಮೊದಲು, ಅದು ರೋಣದ ನಮ್ಮ ಮನೆಗೆ ಬಂದಾಗ, ಆ ಶಬ್ದ ನಮಗಾರಿಗೂ ಗೊತ್ತಿರಲಿಲ್ಲ. ನಾವು ಅದನ್ನು ‘ದೊಡ್ಡ ಕಥಿ’ ಎಂದಷ್ಟೇ ಕರೆಯುತ್ತಿದ್ದೆವು. ಅದರಲ್ಲಿ ದೇವರಿಲ್ಲ, ರಾಜನಿಲ್ಲ, ಹಾಡುವ ಪದವಿಲ್ಲ. ನಮ್ಮಂಥ ಮನೆಯೊಂದರ ಮಾತು ಮೊದಲಿನಿಂದ ಕಡೆಯವರೆಗೆ. ಇಂಥದನ್ನೂ ಬರೆಯುತ್ತಾರೆಯೇ ಎಂದು ನನಗೆ ಮೊದಲ ದಿನ ಆಶ್ಚರ್ಯವಾಗಿತ್ತು.

ನನ್ನ ಯಜಮಾನರದು ಸೀರೆ ವ್ಯಾಪಾರ. ತಿಂಗಳಿಗೊಮ್ಮೆ ರಾಜೂರ ದಾಟಿ ಗಜೇಂದ್ರಗಡಕ್ಕೆ ಹೋಗಿ ನೇಕಾರರ ಮನೆಗಳಿಂದ ಸೀರೆ ತರುತ್ತಿದ್ದರು. ಉಗಾದಿ ಮುಗಿದ ವಾರ ಹೋದವರು ಸೀರೆಯ ಗಂಟಿನ ಜೊತೆಗೆ ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ಪುಸ್ತಕವನ್ನೂ ತಂದರು. ಅಲ್ಲಿಯ ನೇಕಾರರ ಓಣಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಮುದುಕ ಪಂತೋಜಿಯೊಬ್ಬರು ಕಾಶಿಗೆ ಹೊರಟಿದ್ದರಂತೆ.

“ನಿಮ್ಮ ಮನ್ಯಾಗ ಓದಾಕ ಬರ್ತೈತಂತಲ್ರಿ, ಅವರಿಗೆ ಕೊಡ್ರಿ. ತಿರುಗಿ ಬಂದ್ರ ಕೇಳ್ತೀನಿ, ಬರದಿದ್ರ ನಿಮ್ಮದ ಆತು” ಎಂದು ಹೇಳಿ ಕೊಟ್ಟರಂತೆ.

ದಪ್ಪ ಕಾಗದದ ಮೇಲೆ ಕೈಯಿಂದ ಬರೆದ ಪುಸ್ತಕ. ಬರೆದವರ ಹೆಸರು ಎಲ್ಲಿಯೂ ಇರಲಿಲ್ಲ. ಆ ಪಂತೋಜಿಯವರೇ ಬರೆದದ್ದೋ, ಅವರಿಗೂ ಯಾರಾದರೂ ಕೊಟ್ಟದ್ದೋ, ಇಂದಿಗೂ ನನಗೆ ತಿಳಿಯದು.

ಓದಲು ಬರುವವಳು ನಾನೇ. ನನ್ನ ತಂದೆ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಮಗ್ಗುಲಲ್ಲಿ ಕುಳಿತ ನಾನೂ ಉಸುಕಿನ ಮೇಲೆ ಬೆರಳಾಡಿಸಿ ಕಲಿತುಬಿಟ್ಟಿದ್ದೆ. ಗಂಡನ ಮನೆಯಲ್ಲಿ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಅತ್ತೆಗೆ ಸೊಸೆ ಓದುವುದರ ಬಗ್ಗೆ ಸಿಟ್ಟಿರಲಿಲ್ಲ, ಆದರೆ ಕೆಲಸ ನಿಲ್ಲುವುದು ಸೇರುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಜೋಳ ಹಸನು ಮಾಡುವ ಹೊತ್ತಿನಲ್ಲಿ, “ಏನೈತಿ ಅದರಾಗ, ಒಂದೀಟು ಓದು ನೋಡೂಣು” ಎಂದರು. ನಾಲ್ಕು ಹಾಳೆ ಆಗುವಷ್ಟರಲ್ಲಿ ನನ್ನ ಮುಂದಿದ್ದ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು. “ನಿನ್ನ ಜ್ವಾಳಾನೂ ನಾನ ಹಸನ ಮಾಡ್ತೀನಿ. ನೀ ಮುಂದ ಓದು.”

ಕಥೆ ಇಷ್ಟು. ಹೊಳೆದಂಡೆಯ ಒಂದು ಊರು, ಒಂದೇ ಮನೆಯಲ್ಲಿ ಅಣ್ಣ-ತಮ್ಮ. ತಂದೆ ತೀರಿಕೊಂಡ ಮೇಲೆ ಹಿರಿಸೊಸೆ ಹಟ ಹಿಡಿದು ಮನೆಯ ನಡುವೆ ಗೋಡೆ ಎಬ್ಬಿಸುತ್ತಾಳೆ. ತಮ್ಮನ ಪಾಲಿಗೆ ಬಾವಿಯೂ ಇಲ್ಲ, ಅಡಿಗೆಮನೆಯೂ ಇಲ್ಲ. ಅವನು ಹೆಂಡತಿಯೊಂದಿಗೆ ಊರು ಬಿಡುತ್ತಾನೆ. ಪರವೂರಿನಲ್ಲಿ ಅವರ ಕೂಸು ಸಾಯುತ್ತದೆ, ಆಮೇಲೆ ಅವನೂ ಸಾಯುತ್ತಾನೆ. ಒಂಟಿಯಾದ ಕಿರಿಸೊಸೆ ರಾಟಿ ಹಿಡಿದು ನೂಲು ತೆಗೆದು ತನ್ನದೇ ಒಂದು ಮನೆ ಕಟ್ಟಿಕೊಳ್ಳುತ್ತಾಳೆ. ಹನ್ನೆರಡು ವರ್ಷದ ಮೇಲೆ ಹೊಳೆ ಬಂದು ಅಣ್ಣನ ಮನೆ, ಕಾಳು ತುಂಬಿಟ್ಟ ನೆಲದೊಳಗಿನ ಹಗೇವು, ಎಲ್ಲವೂ ಹಾಳಾಗುತ್ತವೆ. ಹಿರಿಸೊಸೆ ಗಂಡ ಮಕ್ಕಳೊಂದಿಗೆ ಅಲೆಯುತ್ತ ಬಂದು, ಗೊತ್ತಿಲ್ಲದೆ ಕಿರಿಸೊಸೆಯ ಬಾಗಿಲನ್ನೇ ಬಡಿಯುತ್ತಾಳೆ. ಅವಳು ಬಾಗಿಲು ತೆರೆದು, “ಊಟ ಆಗಿದೆಯೇ?” ಎಂದು ಕೇಳುತ್ತಾಳೆ.

ಅತ್ತೆ ಮೊದಲಿನಿಂದಲೂ ಹಿರಿಸೊಸೆಯ ಪಕ್ಷ. ನಾನು ಗೋಡೆಯ ಪ್ರಕರಣ ಓದುತ್ತಿದ್ದರೆ ಅವರು ಜೋಳದಲ್ಲಿಯ ಕಲ್ಲನ್ನು ಜೋರಾಗಿ ಎಸೆಯುತ್ತಿದ್ದರು.

“ಅಕಿದೇನು ತಪ್ಪೈತಿ? ಮನಿ ಹಿರೇತನಾ ಮಾಡಿದಾಕಿಗೆ ಗೊತ್ತು ಅದರ ತ್ರಾಸು. ಬರದಾವ ಗಂಡಸು, ಅವಗೇನ ಗೊತ್ತು?”

ನಾನು ಅವಸರದಿಂದ ಮುಂದಿನ ಹಾಳೆ ತಿರುವಿದೆ. ಏಕೆಂದರೆ ನಮ್ಮ ಮನೆಯಲ್ಲಿಯೂ ಇಂಥದೊಂದು ಆಗಿತ್ತು. ನಾನು ಸೊಸೆಯಾಗಿ ಬರುವ ಮೊದಲೇ ಮಾವನವರ ತಮ್ಮ ಪಾಲು ತೆಗೆದುಕೊಂಡು ಹೊಳೆಮಣ್ಣೂರಿಗೆ ಹೋಗಿ ಒಕ್ಕಲುತನ ಹಿಡಿದಿದ್ದರು. ಆ ಚಿಕ್ಕಮಾವನ ಹೆಂಡತಿ, ಅಂದರೆ ಅತ್ತೆಯ ನೆಗೆಣ್ಣಿ, ನನ್ನ ಮದುವೆಗೂ ಬಂದಿರಲಿಲ್ಲ. ಮಾವ ತೀರಿಕೊಂಡಾಗ ಚಿಕ್ಕಮಾವ ಒಬ್ಬರೇ ಬಂದು, ನೀರೂ ಕುಡಿಯದೆ ಹೋಗಿದ್ದರು. ಆ ಹೆಂಗಸಿನ ಸುದ್ದಿ ನಮ್ಮ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಕೂಸು ಸತ್ತ ಮೇಲಿನ ಹಾಳೆಗೆ ಬಂದೆವು. ಬರೆದವರು ಅಲ್ಲಿ ಅಳು ಬರೆದಿರಲಿಲ್ಲ. ಕಿರಿಸೊಸೆ ನೂಲುತ್ತ ನೂಲುತ್ತ, ಓಣಿಯಲ್ಲಿ ಆಡುವ ಮಕ್ಕಳನ್ನು ನೋಡಿ, ತನ್ನ ಕೂಸು ಇದ್ದಿದ್ದರೆ ಈಗ ಎಷ್ಟು ವರ್ಷದ್ದಾಗುತ್ತಿತ್ತೆಂದು ಪ್ರತಿ ವರ್ಷವೂ ಲೆಕ್ಕ ಹಾಕುತ್ತಿದ್ದಳು ಎಂದಷ್ಟೇ ಬರೆದಿತ್ತು. ಅದನ್ನು ಓದಿದ ನನಗೆ ಮುಂದಿನ ಸಾಲು ಕಾಣಲಿಲ್ಲ. ನನಗೂ ಒಂದು ಹೆಣ್ಣುಕೂಸು ಹುಟ್ಟಿ, ಒಂಬತ್ತು ತಿಂಗಳು ಇದ್ದು, ಜ್ವರ ಬಂದು ತೀರಿಹೋಗಿತ್ತು. ತೊಟ್ಟಿಲನ್ನು ಅಟ್ಟಕ್ಕೆ ಏರಿಸಿದ ದಿನದಿಂದ ಅದರ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಮರೆಯಬೇಕೆಂದು ಎಲ್ಲರೂ ಮರೆತಿದ್ದಾರೆ, ಲೆಕ್ಕ ಹಾಕುವ ಹುಚ್ಚಿ ನಾನೊಬ್ಬಳೇ ಎಂದುಕೊಂಡಿದ್ದೆ.

ಪುಸ್ತಕವನ್ನು ತೊಡೆಯ ಮೇಲಿಟ್ಟೆ. ಅತ್ತೆ “ಓದು” ಎನ್ನಲಿಲ್ಲ. ಮೊರದಲ್ಲಿಯ ಜೋಳದ ಮೇಲೆ ಕೈಯಾಡಿಸುತ್ತ, ನನ್ನ ಕಡೆಗೆ ನೋಡದೆ ಹೇಳಿದರು:

“ನಮ್ಮದಕ್ಕ ಬರೂ ಶ್ರಾವಣಕ್ಕ ನಾಕು ತುಂಬತಿದ್ದುವು.”

“ಹೌದ್ರಿ ಅತ್ತ್ಯಾರ” ಎಂದೆ.

“ಜಡಿ ಹಾಕೂವಷ್ಟ ಕೂದ್ಲಾ ಬರತಿತ್ತು. ನಿಮ್ಮಪ್ಪನ ಕಡೆ ಕೂದ್ಲಾ ದಪ್ಪ.”

ನಾವಿಬ್ಬರೂ ಅತ್ತೆವು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಆ ಮಧ್ಯಾಹ್ನವೇ ನಾನು ಆಕೆಗೆ ಮಗಳಾದೆ ಎನ್ನಬೇಕು. ಯಾವ ಊರಿನ ಯಾವ ಮನುಷ್ಯನೋ ಬರೆದಿಟ್ಟ ಎರಡು ಸಾಲಿಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಅದಾದ ಮೇಲೆ ಅತ್ತೆ ಹಿರಿಸೊಸೆಯ ಪಕ್ಷ ವಹಿಸುವುದನ್ನು ಬಿಟ್ಟರು. ವಿರುದ್ಧವೂ ಮಾತಾಡಲಿಲ್ಲ, ಸುಮ್ಮನೆ ಕೇಳುತ್ತಿದ್ದರು. ಹೊಳೆ ಬರುವ ಅಧ್ಯಾಯಕ್ಕೆ ಇನ್ನೂ ಬಂದಿರಲಿಲ್ಲ, ಒಂದು ಬೆಳಿಗ್ಗೆ ಮಗನಿಗೆ ಹೇಳಿದರು: “ಗಾಡಿ ಕಟ್ಟಸು. ಹೊಳಿಮಣ್ಣೂರಿಗೆ ಹೋಗಿ ಬರ್ತೀನಿ.”

ಯಜಮಾನರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಯಾಕವ್ವಾ, ಏನರ ಸುದ್ದಿ ಬಂದೈತೇನು?”

“ಸುದ್ದಿ ಬಂದ ಮ್ಯಾಲ ಹೋಗೂದು ಬ್ಯಾರೆ. ಸೊಸೀನ್ನೂ ಕರಕೊಂಡ ಹೋಗ್ತೀನಿ. ಪುಸ್ತಕಾನೂ ಬರಲಿ.”

ಮರುದಿನ ನಸುಕಿನಲ್ಲೇ ಹೊರಟು, ಬಿಸಿಲು ಏರುವ ಮುಂಚೆ ಹೊಳೆಮಣ್ಣೂರ ಮುಟ್ಟಿದೆವು. ದಾರಿಯುದ್ದಕ್ಕೂ ಅತ್ತೆ ಬುತ್ತಿಯ ಗಂಟನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡುತ್ತಿದ್ದರು. ಮನೆಯ ಬಾಗಿಲು ಮುಚ್ಚಿತ್ತು. ನಾನು ಬಡಿದೆ. ಬಾಗಿಲು ತೆರೆದವರು ಎತ್ತರದ, ಬಿಳಿಗೂದಲಿನ ಹೆಂಗಸು, ಕೈಗೆಲ್ಲ ಜೋಳದ ಹಿಟ್ಟು. ಅತ್ತೆಯನ್ನು ನೋಡಿ ಹಾಗೆಯೇ ನಿಂತರು. ಕಡೆಗೆ ಅತ್ತೆ ಕೇಳಿದ್ದು ಇಷ್ಟೇ:

“ಇನ್ನೂ ನೀನ ರೊಟ್ಟಿ ಬಡೀತಿಯೇನ? ಸೊಸಿ ಬಂದಿಲ್ಲೇನು?”

“ಬಂದಾಳಕ್ಕಾ. ತವರಿಗೆ ಹೋಗ್ಯಾಳ” ಎಂದು ಹೇಳುತ್ತ ಆಕೆ ಬಾಗಿಲಿನಿಂದ ಸರಿದು ನಿಂತರು. “ಒಳಗ ಬರ್ರಿ. ಕಾಲಿಗೆ ನೀರ ಕೊಡ್ತೀನಿ.”

ತಪ್ಪಾಯಿತೆಂದು ಯಾರೂ ಯಾರಿಗೂ ಹೇಳಲಿಲ್ಲ. ಊಟಕ್ಕೆ ಕುಳಿತಾಗ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಮೊದಲು ಹಾಕಬೇಕೋ ಕಡೆಗೆ ಹಾಕಬೇಕೋ ಎಂದು ಇಬ್ಬರಿಗೂ ಒಂದು ಸಣ್ಣ ಜಗಳವೇ ಆಯಿತು. ಆ ಜಗಳ ಕೇಳಿ ಚಿಕ್ಕಮಾವ ತಲೆ ತಗ್ಗಿಸಿ ನಗುತ್ತಿದ್ದುದನ್ನು ನಾನು ನೋಡಿದೆ.

ಮೂರು ದಿನ ಅಲ್ಲಿಯೇ ಇದ್ದೆವು. ನೆಗೆಣ್ಣಿಗೆ ಕೇಳಿಸಲೆಂದು ನಾನು ಕಥೆಯನ್ನು ಮೊದಲಿನಿಂದ ಓದಬೇಕಾಯಿತು. ಬೆಳಿಗ್ಗೆಯಿಂದ ಓದಿ ಓದಿ ಗಂಟಲು ಕಟ್ಟಿತು. ಬಾಗಿಲಿನ ಪ್ರಕರಣ ಮುಗಿದಾಗ ಅತ್ತೆ ಹೇಳಿದರು:

“ಖರೇ ಹೇಳ್ತೀನಿ, ನಾ ಆಗಿದ್ರ ಬಾಗಲಾ ತಗೀತಿದ್ದಿಲ್ಲ.”

“ನಾ ತಗದೀನಲ್ಲಕ್ಕಾ, ಮೊನ್ನಿ” ಎಂದು ನೆಗೆಣ್ಣಿ ಮೆಲ್ಲಗೆ ನುಡಿದರು. ಅತ್ತೆ ಆಕೆಯ ಕೈ ಹಿಡಿದುಕೊಂಡರು.

ಚಿಕ್ಕಮಾವನಿಗೆ ಹೆಂಗಸರ ಈ ಮಾತುಗಳಲ್ಲಿ ಮನಸ್ಸಿರಲಿಲ್ಲ. ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತ ಕುಳಿತಿದ್ದವರು, ಹೊಳೆ ಬರುವ ಅಧ್ಯಾಯದಲ್ಲಿ ಮಾತ್ರ ಕೈ ನಿಲ್ಲಿಸಿದ್ದರು.

“ಬರದಾವ ಹೊಳಿ ನೋಡಿಲ್ಲವಾ” ಎಂದರು. “ನೀರು ಗುಡುಗಿಧಾಂಗ ಬಂತು ಅಂತ ಬರದಾನ. ಹೊಳಿ ಏರೂ ಮುಂದ ಸಪ್ಪಳ ಆಗೂದಿಲ್ಲ. ಸುಮ್ಮ ಬಂದು ಅಂಗಳದಾಗ ನಿಂತಿರ್ತೈತಿ. ಆದ್ರ ಹಗೇದ ಮಾತು ಖರೇ. ಅದನ್ನ ಇನ್ನೊಮ್ಮಿ ಓದು.”

ಹಗೇವಿಗೆ ನೀರು ಇಳಿದು ಬಿತ್ತನೆಯ ಕಾಳೆಲ್ಲ ಕೊಳೆತು ಹೋದ ಭಾಗವನ್ನು ಮತ್ತೆ ಓದಿದೆ. ಅವರ ಹಗೇವೂ ಹೊಳೆಯ ದಿಕ್ಕಿಗೇ ಇತ್ತು. ನಾವು ರೋಣಕ್ಕೆ ತಿರುಗಿ ಬಂದ ವಾರವೇ ಊರ ಮೇಲಿನ ದಿನ್ನೆಯಲ್ಲಿ ಹೊಸ ಹಗೇವು ತೋಡಿಸಿ ಬೀಜದ ಜೋಳವನ್ನು ಅಲ್ಲಿಗೆ ಸಾಗಿಸಿದರಂತೆ. ಮುದುಕನಿಗೆ ಅರಳುಮರಳು ಎಂದು ಊರವರು ನಕ್ಕರಂತೆ. ಆ ಶ್ರಾವಣದಲ್ಲಿ ಮಲಪ್ರಭೆ ಉಕ್ಕಿ, ಕೆಳಗಿನ ಓಣಿಯ ಹಗೇವುಗಳಿಗೆಲ್ಲ ನೀರು ಹೊಕ್ಕಿತು. ಚಿಕ್ಕಮಾವನ ಬೀಜ ಒಣಗಿದ್ದುದು ಒಣಗಿದ ಹಾಗೆಯೇ ಉಳಿಯಿತು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಆ ಓಣಿಯ ಏಳು ಮನೆಯವರು ಅವರಿಂದಲೇ ಬೀಜ ಒಯ್ದರು. ದಸರೆಗೆ ನಮ್ಮ ಮನೆಗೆ ಬಂದಾಗ ಅವರು ಪುಸ್ತಕವನ್ನು ಕೇಳಿ ಪಡೆದು, ಓದಲು ಬಾರದಿದ್ದರೂ ಹಾಳೆ ತಿರುವಿ ನೋಡಿ, ಹಣೆಗೆ ಒತ್ತಿಕೊಂಡು ತಿರುಗಿ ಕೊಟ್ಟರು.

ಈ ನಡುವೆ ಪಂಚಮಿಗೆ ನನ್ನ ಅಕ್ಕ ನರಗುಂದದಿಂದ ಬಂದಿದ್ದಳು. ತಂದೆ ತಾಯಿ ಇಲ್ಲದ ನಮಗೆ ಪರಸ್ಪರರ ಮನೆಯೇ ತವರು. ಅಕ್ಕ ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು, ಮಕ್ಕಳೂ ಇಲ್ಲದೆ, ಮೈದುನನ ಮನೆಯಲ್ಲಿ ಇದ್ದಳು. ನಾನು ಕಲಿಯುವ ಹೊತ್ತಿಗೆ ಅವಳು ಗಂಡನ ಮನೆ ಸೇರಿಯಾಗಿತ್ತು, ಅಕ್ಷರ ಬಾರದು. ಅವಳಿಗೆ ಕಥೆ ಹೇಳತೊಡಗಿದರೆ ಗೋಡೆಯೂ ಬೇಡ, ಮುಂದಿನದೂ ಬೇಡ. ಕಿರಿಸೊಸೆ ರಾಟಿ ಹಿಡಿಯುವ ಅಧ್ಯಾಯವನ್ನೇ ಮತ್ತೆ ಮತ್ತೆ ಓದಿಸಿದಳು.

“ಒಬ್ಬಾಕೀನ ಮನಿ ಮಾಡ್ಯಾಳ ನೋಡ ತಂಗಿ. ಯಾರ ಮುಂದೂ ಕೈ ಚಾಚಿಲ್ಲ.”

ಅರ್ಧ ಕಥೆ ಉಳಿದಿರುವಾಗಲೇ ಮೈದುನ ಗಾಡಿ ಕಳಿಸಿದ. ಕೊನೆಯನ್ನು ಬಾಯಿಂದ ಹೇಳಿಬಿಡುತ್ತೇನೆಂದರೆ ಅವಳು ಕಿವಿ ಮುಚ್ಚಿಕೊಂಡಳು. “ಹೇಳಬ್ಯಾಡ. ನನಗ ಓದಾಕ ಕಲಿಸು” ಎಂದು ಹಟ ಹಿಡಿದು, ಗಾಡಿಯನ್ನು ಖಾಲಿ ತಿರುಗಿಸಿ ಕಳಿಸಿದಳು. ನಡುಮನೆಯಲ್ಲಿ ಉಸುಕು ಹರಡಿಕೊಂಡು ಇಬ್ಬರೂ ಕುಳಿತೆವು. ತಂದೆ ಮಕ್ಕಳ ಬೆರಳು ಹಿಡಿದು ತಿದ್ದಿಸುತ್ತಿದ್ದ ಹಾಗೆಯೇ ನಾನು ಅವಳ ಒರಟಾದ ಬೆರಳು ಹಿಡಿದು ತಿದ್ದಿಸಿದೆ. ಒತ್ತಕ್ಷರ ಬಂದಾಗ ಅವಳು ಸಿಟ್ಟಿಗೆದ್ದು ಉಸುಕನ್ನು ಅಳಿಸಿ ಎದ್ದು ಹೋಗುವಳು, ಮತ್ತೆ ಬಂದು ಕೂರುವಳು. ದೀಪಾವಳಿಗೆ ಪುಸ್ತಕವನ್ನು ಎದೆಗೆ ಅವುಚಿಕೊಂಡು ನರಗುಂದಕ್ಕೆ ಹೋದಳು. ಉಳಿದರ್ಧವನ್ನು ಓದಿ ಮುಗಿಸಲು ಅವಳಿಗೆ ಎಂಟು ತಿಂಗಳು ಹಿಡಿಯಿತಂತೆ.

ಆಮೇಲೆ ನರಗುಂದದ ಗದ್ದಲ. ಊರಿಗೆ ಇಂಗ್ರೇಜರ ದಂಡು ಬಂದಾಗ ಜನ ಸಿಕ್ಕ ದಿಕ್ಕಿಗೆ ಓಡಿದರು. ಅಕ್ಕ ಎಲ್ಲಿದ್ದಾಳೋ ಎಂದು ನಾವು ಅನ್ನ ನೀರು ಬಿಟ್ಟು ಕುಳಿತಿದ್ದೆವು. ಐದನೆಯ ದಿನ ಬೆಳಿಗ್ಗೆ ಅವಳು ಬಾವು ಬಂದ ಕಾಲೆಳೆಯುತ್ತ ನಮ್ಮ ಅಂಗಳಕ್ಕೆ ಬಂದು ನಿಂತಳು. ಬಗಲಲ್ಲಿ ಒಂದು ಗಂಟು. ಅದರಲ್ಲಿ ಒಂದು ಸೀರೆ, ಅರ್ಧ ಸೇರು ಹಿಟ್ಟು, ಪುಸ್ತಕ.

“ಅಷ್ಟರಾಗ ಇದನ್ನ ಯಾಕ ಹೊತ್ತಿ ಅಕ್ಕಾ?” ಎಂದು ನಾನು ಅಳುತ್ತ ಕೇಳಿದೆ.

“ಇನ್ನೊಬ್ಬರದಲ್ಲೇನ? ಆ ಪಂತೋಜಿಯವರು ತಿರುಗಿ ಬಂದ್ರ ಏನು ಹೇಳೂದು?”

ಮೈದುನನ ಸಂಸಾರ ಬೇರೆ ದಿಕ್ಕಿಗೆ ಚದರಿ ಹೋಗಿತ್ತು. ಅಕ್ಕ ನಮ್ಮಲ್ಲಿಯೇ ಇರಲೆಂದು ಎಲ್ಲರಿಗೂ ಮನಸ್ಸಿತ್ತು. ಆದರೆ ಕಾಲು ನೆಟ್ಟಗಾದ ಮೇಲೆ ಅವಳು, ಪುಸ್ತಕವನ್ನು ಒಡೆಯರಿಗೆ ಮುಟ್ಟಿಸಬೇಕೆಂದು ಯಜಮಾನರ ಗಾಡಿಯಲ್ಲಿ ಗಜೇಂದ್ರಗಡಕ್ಕೆ ಹೋದಳು. ಪಂತೋಜಿಯವರು ಕಾಶಿಯಿಂದ ಬಂದಿರಲಿಲ್ಲ. ಅವರ ನೆರೆಮನೆಯ ನೇಕಾರ ಹೆಂಗಸರು, “ಏನೈತ್ರಿ ಅದರಾಗ?” ಎಂದು ಕೇಳಿದರು. ಅಕ್ಕ ಮಗ್ಗದ ಮಗ್ಗುಲಲ್ಲಿ ಕುಳಿತು ಓದಿದಳು. ಮರುದಿನ ಯಜಮಾನರು ಗಾಡಿ ಹೂಡಿದಾಗ ಆ ಹೆಂಗಸರು ಅವಳನ್ನು ಬಿಡಲಿಲ್ಲ. ಒಬ್ಬಾಕೆ ತನ್ನ ಮನೆಯ ಒಂದು ಕೋಣೆಯನ್ನೇ ತೆರವು ಮಾಡಿಕೊಟ್ಟಳು. ಅಕ್ಕ ಅಲ್ಲಿಯೇ ಉಳಿದಳು. ನೂಲು ಸುತ್ತುವ ಕೆಲಸ ಕಲಿತಳು, ಮಧ್ಯಾಹ್ನ ಓದಿದಳು.

ಎರಡು ತಿಂಗಳ ಮೇಲೆ ಯಜಮಾನರು ಒಂದು ಮಡಿಸಿದ ಕಾಗದ ತಂದು ಕೊಟ್ಟರು. ಹೆಣ್ಣುಮಗಳೊಬ್ಬಳು ಬರೆದ ಪತ್ರವನ್ನು ನಾನು ಕಂಡದ್ದು ಅದೇ ಮೊದಲು. ಸಾಲು ಮೇಲಕ್ಕೂ ಕೆಳಕ್ಕೂ ಏರಿಳಿದಿತ್ತು. ಒತ್ತಕ್ಷರವೆಲ್ಲ ತಪ್ಪು. ಆಡುವ ಮಾತನ್ನೇ ಹಾಗೆಯೇ ಬರೆದಿದ್ದಳು:

“ತಂಗಿ, ನಾ ಚಲೋ ಅದೀನಿ. ಕಿರಿಸೊಸಿ ಒಂದು ದಿನಕ್ಕ ಅಷ್ಟು ನೂಲು ತಗದಳು ಅಂದ್ರ ಇಲ್ಲಿ ಹೆಣ್ಮಕ್ಕಳು ಭಾಳ ನಗ್ತಾರ. ಯಾರಿಗೂ ಆಗೂದಿಲ್ಲಂತ. ಅಕಿ ಬಾಗಲಾ ತಗದದ್ದು ಸರಿ ಅಂತ ಅರ್ಧಾ ಮಂದಿ, ತಪ್ಪು ಅಂತ ಅರ್ಧಾ ಮಂದಿ. ಇಬ್ಬರು ಹುಡಿಗ್ಯಾರು ಅಕ್ಷರಾ ಕೇಳಾಕ ಹತ್ಯಾರ. ಪುಸ್ತಕಾ ಹರೀತೈತಿ. ಇನ್ನೊಂದು ಬರದ ಇಡಬೇಕು. ಕಾಗದಾ ಕಳಸು.”

ಅದನ್ನು ಅತ್ತೆಗೆ ಮೂರು ಸಲ ಓದಿ ಹೇಳಬೇಕಾಯಿತು. ತಪ್ಪು ಎನ್ನುವ ಅರ್ಧ ಮಂದಿಯ ಮೇಲೆ ಅವರಿಗೆ ಬಹಳ ಸಿಟ್ಟು ಬಂತು. ಮುಂದಿನ ಸಲ ಯಜಮಾನರು ಗಜೇಂದ್ರಗಡಕ್ಕೆ ಹೊರಟಾಗ, ಎರಡು ದಸ್ತು ಕಾಗದ, ಒಂದು ಕುಡಿಕೆ ಶಾಯಿ ಕಟ್ಟಿಟ್ಟೆ. ಅತ್ತೆ ಅದರ ಮೇಲೆ ಒಂದು ಡಬ್ಬಿ ಬೆಲ್ಲದ ಮಾದಲಿ ಇಟ್ಟು, “ಬರೀವಾಕಿ ಹೊಟ್ಟಿ ತುಂಬಿರಬೇಕು” ಎಂದರು.