ನಿರಾಕರಣೆಯ ಮೊದಲ ಪುಟ

ಐರ್ಲೆಂಡಿನ ನೌಕರರಿಗೆ ಇತ್ತೀಚೆಗೆ ಹೊಸದೊಂದು ಹಕ್ಕು ಬಂದಿದೆ: ಮನೆಯಿಂದ ಕೆಲಸ ಮಾಡಲು ಬಿಡಿ ಎಂದು ಕೇಳಿಕೊಳ್ಳುವ ಹಕ್ಕು. ಮಾಡುವ ಹಕ್ಕಲ್ಲ, ಕೇಳುವ ಹಕ್ಕು. ಅಮೆರಿಕದ ಡೌನರ್ಸ್ ಗ್ರೋವ್‌ನ ನಮ್ಮ ಆಫೀಸಿನ ಊಟದ ಕೋಣೆಯಲ್ಲಿ ಇದನ್ನು ಮೊದಲು ಓದಿದಾಗ ಚಿತ್ರಾನ್ನ ನೆತ್ತಿಗೇರುವಷ್ಟು ನಕ್ಕಿದ್ದೆ. ಬಾಯಿ ಇದ್ದವರು ಯಾರು ಬೇಕಾದರೂ ಕೇಳಬಹುದಲ್ಲ, ಅದಕ್ಕೊಂದು ಸಂಸತ್ತು ಬೇಕೆ?

ವಿವರ ಇನ್ನೂ ಸೊಗಸಾಗಿತ್ತು. ಅರ್ಜಿ ಬಂದರೆ ಕಂಪನಿ ನಾಲ್ಕು ವಾರದೊಳಗೆ ಉತ್ತರಿಸಬೇಕು. ಕಷ್ಟವೆನಿಸಿದರೆ ಇನ್ನೆಂಟು ವಾರ ಎಳೆಯಬಹುದು. ಎರಡೂ ಕಡೆಯ ಅಗತ್ಯಗಳನ್ನು ಪರಿಗಣಿಸಬೇಕು. ಆಗದು ಎನ್ನುವುದಾದರೆ ಕಾರಣ ಬರೆದು ಕೊಡಬೇಕು. ನೌಕರರು ದೂರು ಒಯ್ದರೆ ಅಲ್ಲಿನ ಕಾರ್ಮಿಕ ಆಯೋಗವು ಕಂಪನಿಯವರು ಪರಿಗಣಿಸಿದರೋ ಇಲ್ಲವೋ, ಕಾರಣ ಕೊಟ್ಟರೋ ಇಲ್ಲವೋ ಎಂದು ನೋಡುತ್ತದೆ. ಆ ಕಾರಣ ಸರಿಯೋ ತಪ್ಪೋ ಎಂದು ಮಾತ್ರ ನೋಡುವಂತಿಲ್ಲ. ಮೈಸೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ನಿಂತವಳು ನಾನು. ವಾದಕ್ಕೆ ಕಿವಿಗೊಡದೆ, ಗಂಟೆ ಹೊಡೆಯುವುದರೊಳಗೆ ಮುಗಿಸಿದಳೇ ಎಂದಷ್ಟೇ ನೋಡಿ ಕಪ್ ಕೊಡುವ ತೀರ್ಪುಗಾರರನ್ನು ಅಲ್ಲಿಯೂ ಕಂಡಿರಲಿಲ್ಲ.

ನಾನು ನಕ್ಕ ಎರಡನೆಯ ತಿಂಗಳು ನಮ್ಮ ಡಬ್ಲಿನ್ ಶಾಖೆಯಿಂದಲೇ ಅಂಥದೊಂದು ಅರ್ಜಿ ಬಂತು. ಬರೆದವರು ಧಾರವಾಡದ ಕಡೆಯವರು, ನನಗಿಂತ ಹತ್ತು ವರ್ಷ ದೊಡ್ಡವರು; ನಾನು ಅಕ್ಕ ಎನ್ನುತ್ತಿದ್ದೆ. ಡಬ್ಲಿನ್‌ನ ಬಾಡಿಗೆಗೆ ಹೆದರಿ ಐವತ್ತು ಮೈಲಿ ಆಚೆ ಮನೆ ಮಾಡಿದ್ದರು. ದಿನಾ ಟ್ರೈನಿನಲ್ಲಿ ಡಬ್ಲಿನ್‌ಗೆ ಹೋಗಿ, ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು, ಇಲಿನಾಯ್ ರಾಜ್ಯದಲ್ಲಿ ಕೂತ ನಮ್ಮೊಡನೆ ಮಾತಾಡುತ್ತಿದ್ದರು. ಅವರ ತಂಡದವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ನಮ್ಮ ಮೀಟಿಂಗ್ ಬೆಳಗ್ಗೆ ಹತ್ತಕ್ಕೆ ಮುಗಿಯಬೇಕು, ಅಂದರೆ ಅವರಿಗೆ ಸಂಜೆ ನಾಲ್ಕು. ನಾನು ಅಡ್ಡಪ್ರಶ್ನೆ ಹಾಕಿದ ದಿನ ಅದು ಹತ್ತೂವರೆಯಾಗಿ ಅವರ ಟ್ರೈನು ತಪ್ಪುತ್ತಿತ್ತು. ಮಗಳ ಡೇಕೇರ್ ಆರಕ್ಕೆ ಮುಚ್ಚುತ್ತದೆ. ಮೂರು ಸಲ ತಡವಾಗಿದೆ, ಇನ್ನೊಂದು ಸಲವಾದರೆ ಸೀಟು ಹೋಗುತ್ತದೆ, ಬೇರೆ ಕಡೆ ವರ್ಷದ ಸರದಿ ಇದೆ ಎಂದು ಅರ್ಜಿಯಲ್ಲಿ ಬರೆದಿದ್ದರು. ಕೇಳಿದ್ದು ವಾರಕ್ಕೆ ಮೂರು ದಿನ.

ಆ ಅರ್ಜಿಗೆ ಉತ್ತರಿಸಬೇಕಾಗಿದ್ದವರು ನಮ್ಮ ಮ್ಯಾನೇಜರ್. ಪಕ್ಕದ ಗ್ಲೆಂಡೇಲ್ ಹೈಟ್ಸ್‌ನ ಇಂಡಿಯನ್ ದಿನಸಿ ಅಂಗಡಿಯಲ್ಲಿ ಎದುರಾದರೆ ಅಂಕಲ್, ಆಫೀಸಿನಲ್ಲಿ ಬರೀ ಹೆಸರು. ಶುಕ್ರವಾರ ನನಗೆ ವಿಡಿಯೋ ಕಾಲ್ ಮಾಡಿದರು, ತಮ್ಮ ಮನೆಯ ಬೇಸ್‌ಮೆಂಟಿನಿಂದ. ಶುಕ್ರವಾರ ನಾವೆಲ್ಲ ಮನೆಯಲ್ಲೇ. ಅದಕ್ಕೆ ಅಮೆರಿಕದಲ್ಲಿ ಯಾವ ಕಾನೂನೂ ಬೇಕಾಗಿರಲಿಲ್ಲ.

“ನೋ ಅಂದ್ರೆ ನೋ. ಅದಕ್ಕೆ ರೀಸನ್ ಬೇರೆ ಬರೆದು ಕೊಡ್ಬೇಕಂತೆ. ನೀನು ಡಿಬೇಟ್ ಎಲ್ಲಾ ಮಾಡಿದೀಯಲ್ಲಮ್ಮ, ಡ್ರಾಫ್ಟ್ ಮಾಡ್ಬಿಡು.”

ಕಾರಣ ಏನೆಂದು ಬರೆಯಲಿ ಎಂದೆ. ಎದುರುಬದುರು ಕೂತು ಕೆಲಸ ಮಾಡುವುದು ಮುಖ್ಯ ಎಂದು ಬರೆ ಎಂದರು.

“ಯಾರ ಎದುರು?”

“ಅದನ್ನೇ ನೀನು ಬರೀಬೇಕಾಗಿರೋದು.” ಅವರ ಹಿಂದೆ ಎಲ್ಲೋ ಕುಕ್ಕರ್ ಕೂಗಿತು.

ನಾನು ಒಲ್ಲೆ ಎನ್ನಬಹುದಿತ್ತು. ಎನ್ನಲಿಲ್ಲ. ಚರ್ಚಾಸ್ಪರ್ಧೆಯ ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ, ನನಗೆ ಅಭ್ಯಾಸವಾಗಿತ್ತು. ಎದುರಾಳಿಯ ವಾದವನ್ನು ಅವರಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಕೆಡವಬೇಕು ಎಂದೂ ಕಲಿತಿದ್ದೆ. ಹಾಗಾಗಿ ಮೊದಲ ಪುಟ ಪೂರ್ತಿ ಅಕ್ಕನ ಪರವಾಯಿತು: ಖಾಲಿ ಕಟ್ಟಡ, ಟ್ರೈನು, ಆರು ಗಂಟೆ ಸಮಯವ್ಯತ್ಯಾಸ, ಮಗು. ಎರಡನೆಯ ಪುಟದಲ್ಲಿ ಕಚೇರಿಯ ಸಂಸ್ಕೃತಿ, ಮಾಹಿತಿಯ ಸುರಕ್ಷತೆ, ತಂಡದ ಒಡನಾಟ. ಊದಿದರೆ ಹಾರುವ ಪದಗಳು. ಆದರೆ ಅವನ್ನು ಊದಲು ಆಯೋಗಕ್ಕೆ ಅಧಿಕಾರವಿಲ್ಲವಲ್ಲ.

ಮ್ಯಾನೇಜರ್ ಓದಿ, ಮೊದಲ ಪುಟ ತೆಗೆದುಹಾಕು ಎಂದರು. ಡಬ್ಲಿನ್‌ನ ಎಚ್‌ಆರ್ ಹೆಂಗಸು ಸುತರಾಂ ಒಪ್ಪಲಿಲ್ಲ. ಅರ್ಜಿದಾರರ ಅಗತ್ಯಗಳನ್ನು ನಾವು ಪರಿಗಣಿಸಿದ್ದಕ್ಕೆ ಅದೇ ಸಾಕ್ಷಿ, ಅದಿದ್ದರೆ ಯಾರೂ ನಮ್ಮನ್ನು ಮುಟ್ಟಲಾರರು ಎಂದು ಮೆಚ್ಚಿಕೊಂಡಳು. ಪತ್ರ ಎರಡೂ ಪುಟಗಳೊಡನೆ, ಮ್ಯಾನೇಜರ್ ಸಹಿಯೊಡನೆ ಹೋಯಿತು.

ಮರುದಿನ ಅಕ್ಕ ಫೋನ್ ಮಾಡಿದರು. ಸಿಟ್ಟಿನಲ್ಲಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ಸಹಿ ಅವರದು, ಮಾತು ನಿಂದು. ಭಾಳ ಛಲೋ ಬರದೀ ತಂಗಿ. ನನ್ನ ಅರ್ಜಿಗಿಂತ ನಿನ್ನ ನಿರಾಕರಣಿನ ಛಲೋ ಅದ.”

ದೂರು ಕೊಡುತ್ತೀರಾ ಎಂದು ಕೇಳಿದೆ. ಏನಂತ ಕೊಡಲಿ, ಪರಿಗಣಿಸಲಿಲ್ಲ ಅಂತ ಹೇಳಲೇ ಎಂದು ನಕ್ಕರು.

ಅಂದಿನಿಂದ ಅಕ್ಕ ನಾಲ್ಕಕ್ಕೆ ಸರಿಯಾಗಿ, ಮೀಟಿಂಗ್ ಮುಗಿಯದಿದ್ದರೂ, ಹೆಚ್ಚಾಗಿ ನಾನು ಬಾಯಿ ತೆರೆಯುವ ಹೊತ್ತಿಗೆ, ಪರದೆಯಿಂದ ಮಾಯವಾಗತೊಡಗಿದರು. ಮ್ಯಾನೇಜರ್ ಗೊಣಗಿದರು. ಡೇಕೇರ್ ಸೀಟು ಮಾತ್ರ ಉಳಿಯಿತು. ಮೂರು ತಿಂಗಳಿಗೆ ಅಕ್ಕ ಬೇರೆ ಕಂಪನಿ ಸೇರಿದರು.

ಸೇರಿದ ಕಡೆ ನನ್ನ ಮೊದಲ ಪುಟವನ್ನು, ಅಲ್ಲಿಗೆ ಹೊಂದದ ಸಾಲು ತೆಗೆದು, ‘ಆಕೆ’ ಇದ್ದಲ್ಲಿ ‘ನಾನು’ ಎಂದು ತಿದ್ದಿ, ಅರ್ಜಿಯಾಗಿ ಕೊಟ್ಟರಂತೆ. ಆರು ತಿಂಗಳ ಸೇವೆ ಆಗುವವರೆಗೆ ಕಾಯಿಸಲು ಕಾನೂನಿನಲ್ಲಿ ಅವಕಾಶವಿತ್ತು. ಆದರೂ ಒಂದೇ ವಾರದಲ್ಲಿ ಒಪ್ಪಿಗೆ ಸಿಕ್ಕಿತು. ನನಗೆ ಮೆಸೇಜ್ ಕಳಿಸಿದ್ದರು: “ಇಲ್ಲೆ ಎರಡನೇ ಪುಟ ಬರೆಯವರು ಯಾರೂ ಇಲ್ಲಂತ ಕಾಣಸ್ತದ.”