ಚೆಲುವನಿಗೊಂದು ಡಬ್ಬಿ

ಅಸೂಯೆಯಷ್ಟು ಹೀನವಾದ ಗುಣ ಮನುಷ್ಯನಲ್ಲಿ ಇನ್ನೊಂದಿಲ್ಲ, ಅದು ಹೊಕ್ಕ ಮನೆ ಏಳಿಗೆಯಾಗುವುದಿಲ್ಲ ಎಂದು ತಿಳಿದವರು ಹೇಳುತ್ತಾರೆ. ತಿಳಿದವರ ಮನೆಗಳಲ್ಲಿ ಕ್ರಿಕೆಟ್ ಆಡುವ ಅಪ್ಪಂದಿರು ಇರಲಿಲ್ಲವೆಂದು ಕಾಣುತ್ತದೆ. ನಮ್ಮ ಮನೆಯಲ್ಲಿ ಅಸೂಯೆ ಕೊಟ್ಟಿಗೆಯ ಎಮ್ಮೆಯ ಹಾಗೆ ಎಲ್ಲರ ಕಣ್ಣೆದುರೇ ಇತ್ತು, ಹೊತ್ತುಹೊತ್ತಿಗೆ ಮೇವು ತಿನ್ನುತ್ತಿತ್ತು. ಹಾಲು ಕೊಟ್ಟದ್ದೂ ಅದೇ. ಮೊನ್ನೆ ಹುಣಸೂರಿನಿಂದ ಕೆ.ಆರ್. ನಗರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹಿರಿಯರೊಬ್ಬರು ಪಂಚೆ ಸರಿಸಿ ಮಂಡಿಗೆ ನೋವಿನ ಮುಲಾಮು ತಿಕ್ಕಿಕೊಂಡರು. ಆ ಕಟುವಾದ ಹಸಿರು ವಾಸನೆ ಮೂಗಿಗೆ ಬಡಿದದ್ದೇ ನನ್ನ ಹೊಟ್ಟೆಯಲ್ಲಿ ಹಳೆಯದೊಂದು ಉರಿ ಎದ್ದಿತು. ಬೇರೆಯವರಿಗೆ ಅದು ಮುದಿತನದ ವಾಸನೆಯಿರಬಹುದು. ನನಗೆ ಅದು ಭಾನುವಾರ ಬೆಳಿಗ್ಗೆ ಅಪ್ಪ ನಮ್ಮನ್ನು ಬಿಟ್ಟು ಹೊರಡುವ ವಾಸನೆ.

ಕಟ್ಟೆಮಳಲವಾಡಿಯ ಕಡೆ ನಮ್ಮದೊಂದು ಹೆಂಚಿನ ಮನೆ, ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಅದರಾಚೆ ಹೊಲ. ಮಳೆಗಾಲದಲ್ಲಿ ಬ್ಯಾರನ್ನಿಗೆ ಬೆಂಕಿ ಹಾಕಿದಷ್ಟು ದಿನವೂ ಅಪ್ಪ ನಮ್ಮವನೇ. ಒಲೆಯ ಬಾಯಿಯ ಮುಂದೆ ಮರದ ದಿಮ್ಮಿಯ ಮೇಲೆ ಕೂತು, ಶಾಖ ಹೆಚ್ಚಾಯಿತೋ ಕಡಿಮೆಯಾಯಿತೋ ನೋಡುತ್ತ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೆಂಡದಲ್ಲಿ ಗೆಣಸು ಸುಟ್ಟುಕೊಡುತ್ತಿದ್ದ. ಬೇಯುವ ಸೊಪ್ಪಿನ ಜೇನಿನಂಥ ಘಮ ನಮ್ಮ ತಲೆಗೂದಲಿಗೆ, ಹಾಸಿಗೆಗೆ, ಶಾಲೆಯ ಪುಸ್ತಕಕ್ಕೆ ಅಂಟಿಕೊಳ್ಳುತ್ತಿತ್ತು. ಸೊಪ್ಪು ಹರಾಜಿಗೆ ಹೋಗಿ ಕೆರೆಯ ಅಂಗಳದಲ್ಲಿ ನೀರು ಹಿಂದೆ ಸರಿದದ್ದೇ ತಡ, ಅಪ್ಪ ಪರರ ಪಾಲು. ಆ ಒಣಗಿದ ಅಂಗಳದಲ್ಲಿ ಟೆನಿಸ್ ಬಾಲಿನ ಕ್ರಿಕೆಟ್ ಆಡುವ ಊರ ತಂಡಕ್ಕೆ ಅವನೇ ಕ್ಯಾಪ್ಟನ್ನು, ಮೊದಲು ಬ್ಯಾಟು ಹಿಡಿಯುವವನೂ ಅವನೇ. ವಾರವೆಲ್ಲ ಮನೆಯಲ್ಲಿ ಸುಸ್ತು, ಸೊಂಟನೋವು, ಸಿಡಿಮಿಡಿ. ಒಂದು ಬಿಂದಿಗೆ ಎತ್ತಿಕೊಡೆಂದರೆ ಅಯ್ಯಪ್ಪಾ ಎಂದು ನಿಟ್ಟುಸಿರು. ಭಾನುವಾರ ಮಂಡಿಗೆ ಮುಲಾಮು ಬಿದ್ದರೆ ಅದೇ ಮನುಷ್ಯ ಬೇಲಿ ಹಾರಿ ಹೋಗುತ್ತಿದ್ದ. ಅಪ್ಪನ ನಗುವೆಲ್ಲ ಆ ತಂಡದವರಿಗೆ, ನರಳಾಟವೆಲ್ಲ ನಮಗೆ. ಈ ಹಂಚಿಕೆಯನ್ನು ಮಾಡಿದವರು ಯಾರೆಂದು ನಾನೂ ಅವ್ವನೂ ಎಷ್ಟೋ ಸಲ ಯೋಚಿಸಿದ್ದೆವು.

ಅಪ್ಪನಿಗೆ ಸಕ್ಕರೆ ಕಾಯಿಲೆ. ಅದನ್ನು ಅವನು ದೂರದ ನೆಂಟನಂತೆ ನಡೆಸಿಕೊಳ್ಳುತ್ತಿದ್ದ: ಬಂದಿದ್ದಾನೆ, ಇರಲಿ, ಮಾತಾಡಿಸುವುದು ಬೇಡ. ಒಂದು ಸಲ ಹೊಸ ಬೂಟು ಕಚ್ಚಿ ಎಡಗಾಲಿನ ಹೆಬ್ಬೆರಳಲ್ಲಿ ಗಾಯವಾಯಿತು. ಬೆರಳಿಗೆ ಸ್ಪರ್ಶವೇ ಕಡಿಮೆಯಾಗಿದ್ದರಿಂದ ಅವನಿಗೆ ತಿಳಿಯಲಿಲ್ಲ. ಅಂಗಳದಲ್ಲಿ ಒದ್ದೆ ಹೆಜ್ಜೆಯ ಜೊತೆ ಕೆಂಪು ಗುರುತು ಬಿದ್ದದ್ದನ್ನು ನೋಡಿದವಳು ನಾನು. ಹುಣಸೂರಿನ ಡಾಕ್ಟರು ಗಾಯ ನೋಡಿ, ರಕ್ತದ ಲೆಕ್ಕ ನೋಡಿ, ಕನ್ನಡಕ ತೆಗೆದಿಟ್ಟರು. "ಇನ್ನೆರಡು ತಿಂಗಳೊಳಗೆ ಶುಗರ್ ಇಳೀದಿದ್ರೆ ಈ ಬೆರಳು ತೆಗೀಬೇಕಾಗುತ್ತೆ ಗೌಡ್ರೇ. ಬಿಟ್ರೆ ಮೇಲಕ್ಕೆ ಹೋಗುತ್ತೆ" ಎಂದರು.

ಅಪ್ಪ ಗಂಭೀರವಾಗಿ ಯೋಚಿಸಿ, "ಎಡಗಾಲು ನಂದು ಮುಂದ್ಲು ಕಾಲು ಸಾರ್. ಇಂದ್ಲು ಕಾಲ್ದಾಗಿದ್ರೆ ತಗೀರಿ ಅಂತಿದ್ದೆ" ಎಂದ.

ಅದು ಬ್ಯಾಟು ಹಿಡಿದು ನಿಲ್ಲುವ ಲೆಕ್ಕವೆಂದು ತಿಳಿಯದೆ, ಮುಂಗಾಲು ಹಿಂಗಾಲು ಇರುವ ರೋಗಿ ಪಶುವೈದ್ಯರ ಪಾಲಿನವನೆಂದು ಡಾಕ್ಟರು ಅಂದುಕೊಂಡಿರಬೇಕು. ಅವ್ವನ ಕಡೆಗೆ ತಿರುಗಿ ಪಥ್ಯ ಹೇಳಿದರು. ಅಂದಿನಿಂದ ಅವ್ವ ಯುದ್ಧಕ್ಕೆ ನಿಂತವಳಂತೆ ಅಡುಗೆಮನೆಯಲ್ಲಿ ನಿಂತಳು. ಅನ್ನ ಹೋಯಿತು, ಬೆಲ್ಲ ಹೋಯಿತು, ಹಬ್ಬದ ಒಬ್ಬಟ್ಟು ಅಪ್ಪನ ಎಲೆಯನ್ನು ದಾಟಿಕೊಂಡು ಹೋಯಿತು. ಓಡಬಾರದೆಂದು ಡಾಕ್ಟರು ಹೇಳಿದ್ದರಿಂದ ಅಪ್ಪ ಭಾನುವಾರ ಕೆರೆಯ ಅಂಗಳದ ಹೊಂಗೆಮರದ ಕೆಳಗೆ ಒಂದು ಕುರ್ಚಿಯಲ್ಲಿ ತಾನು, ಇನ್ನೊಂದರಲ್ಲಿ ಕಾಲು, ಹೀಗೆ ಕೂತು ತಂಡವನ್ನು ನಡೆಸತೊಡಗಿದ. ಅವನ ಜೊತೆ ಅವ್ವನ ಡಬ್ಬಿ: ರಾಗಿರೊಟ್ಟಿ, ಮೊಳಕೆ ಬಂದ ಹುರುಳಿಕಾಳಿನ ಉಸ್ಲಿ, ಒಂದಿಷ್ಟು ಸೊಪ್ಪು. ಡಬ್ಬಿ ತೊಳೆದಿಟ್ಟಂತೆ ಖಾಲಿಯಾಗಿ ಬರುತ್ತಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ ಖುಷಿಪಡುತ್ತಿದ್ದಳು. ಗಾಯ ಮಾತ್ರ ಮಾಯುತ್ತಿರಲಿಲ್ಲ. ರಾತ್ರಿ ಊಟಕ್ಕೆ ಅಪ್ಪ ಬಾಯಿ ಸಪ್ಪಗೆ ಮಾಡಿಕೊಂಡು ಮುದ್ದೆ ಮುರಿಯುವಾಗ ನಾನು ಬೆರಳಿನ ಬಟ್ಟೆಯನ್ನೇ ನೋಡುತ್ತ ಅತ್ತುಬಿಡುತ್ತಿದ್ದೆ. "ಅಳ್ಬ್ಯಾಡ ಕಣವ್ವ, ಒಂದು ಬೆರಳ್ಗೆ ಇಷ್ಟೊಂದಾ?" ಎನ್ನುತ್ತಿದ್ದ.

ಗುಟ್ಟು ಹೊರಬಿದ್ದದ್ದು ಚೆಲುವನಿಂದ. ಚೆಲುವ ತಂಡದ ವೇಗದ ಬೌಲರು, ಹುಣಸೂರಿನ ಬೇಕರಿಯೊಂದರಲ್ಲಿ ಕೆಲಸ, ಮದುವೆಯಿಲ್ಲ, ಮನೆಯಲ್ಲಿ ಬೇಯಿಸಿ ಹಾಕುವವರಿಲ್ಲ. ಒಂದು ಭಾನುವಾರ ಸಂಜೆ ಅಪ್ಪನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬಂದವನು, ಅವ್ವ ಕೊಟ್ಟ ನೀರು ಕುಡಿದು, ಬಹಳ ವಿನಯದಿಂದ ದೂರು ಕೊಟ್ಟ.

"ಅಕ್ಕ, ಉಳ್ಳಿಕಾಳು ಸಂದಾಗಿತ್ತು ಕಣಕ್ಕ. ಉಪ್ಪು ಮಾತ್ರ ಒಸಿ ಕಮ್ಮಿ ಅದೆ. ಬೇಜಾರ್ ಮಾಡ್ಕಬ್ಯಾಡಿ, ವಾರವಾರವೂ ಕಮ್ಮಿನೇ."

"ನಿಂಗೆಂಗ್ಲಾ ಗೊತ್ತು?" ಎಂದಳು ಅವ್ವ.

"ತಿಂದೋನ್ಗೆ ಗೊತ್ತಾಗಲ್ವಾ ಅಕ್ಕ?"

ಅಪ್ಪ ಅತ್ಯಂತ ಶ್ರದ್ಧೆಯಿಂದ ಬ್ಯಾಟಿನ ಹಿಡಿಯ ದಾರವನ್ನು ಪರೀಕ್ಷಿಸತೊಡಗಿದ. ಬೇಕರಿಯಲ್ಲಿ ದಿನವಿಡೀ ಸಿಹಿ ಮೂಸಿ ಬೇಸತ್ತ ಚೆಲುವನಿಗೆ ಅವ್ವನ ಉಸ್ಲಿ, ಅವ್ವನ ಉಸ್ಲಿಯಿಂದ ಬೇಸತ್ತ ಅಪ್ಪನಿಗೆ ಚೆಲುವ ಬೇಕರಿಯಿಂದ ತರುತ್ತಿದ್ದ ಸಿಹಿ ದಿಲ್‌ಪಸಂದು. ಹೊಂಗೆಮರದ ಕೆಳಗೆ ಇಬ್ಬರಿಗೂ ಅನುಕೂಲವಾದ ಒಪ್ಪಂದ. ಅಪ್ಪನ ಪಥ್ಯವನ್ನು ಅಪ್ಪನ ಪರವಾಗಿ ಚೆಲುವ ನಿಷ್ಠೆಯಿಂದ ಮಾಡಿದ್ದ. ಅವನು ಮೈಕೈ ತುಂಬಿಕೊಂಡೂ ಇದ್ದ.

"ಓಡಕ್ಕೆ ರನ್ನರ್ ಇಟ್ಕಳದು ಕೇಳಿದ್ದೆ. ಪಥ್ಯಕ್ಕೂ ರನ್ನರ್ ಮಡಿಕಂಡಿದ್ದೀರಾ ಕ್ಯಾಪ್ಟನ್ರೇ?" ಎಂದಳು ಅವ್ವ. ಕೂಗಲಿಲ್ಲ. ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು. ಅವಳು ಅತ್ತದ್ದು ನನಗೊಬ್ಬಳಿಗೇ ಗೊತ್ತು. ಹೋಗಲಿರುವ ಬೆರಳಿಗಾಗಿ ಅತ್ತಳೋ, ತನ್ನ ಕೈಯ ಅಡುಗೆಗಿಂತ ಬೇಕರಿಯ ತಿಂಡಿ ಹೆಚ್ಚಾಯಿತಲ್ಲ ಎಂದು ಅತ್ತಳೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಮುಂದಿನ ಭಾನುವಾರ ಅಪ್ಪ ಹೊರಟಾಗ ಅವ್ವ ಡಬ್ಬಿ ಕೊಡಲಿಲ್ಲ. ಅವನು ಬೇಲಿ ದಾಟಿದ ಮೇಲೆ ಉಸ್ಲಿಗೆ ಒಗ್ಗರಣೆ ಹಾಕಿದಳು. ಸಾಸಿವೆ ಸಿಡಿದು, ಕರಿಬೇವು ಚುರುಗುಟ್ಟಿ, ಮನೆಯೆಲ್ಲ ಘಮ್ಮೆಂದಿತು. ಡಬ್ಬಿಯನ್ನು ಒಗೆದ ಬಿಳಿ ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟು, "ಚೆಲುವಂಗೆ ಕೊಡು. ಅಕ್ಕ ನಿಂಗೇ ಅಂತ ಮಾಡವಳೆ ಅನ್ನು" ಎಂದಳು.

ನಾನು ಕೆರೆಯ ಅಂಗಳಕ್ಕೆ ಹೋದದ್ದು ಅದೇ ಮೊದಲು. ದೂರದಿಂದಲೇ ಅಪ್ಪನ ನಗು ಕೇಳಿತು. ತಲೆ ಹಿಂದಕ್ಕೆ ಚೆಲ್ಲಿ, ಕುರ್ಚಿಯ ಕೈಗಳನ್ನು ಬಡಿಯುತ್ತ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ನಮ್ಮ ಮನೆಯ ಗೋಡೆಗಳು ಆ ನಗುವನ್ನು ಕೇಳಿಯೇ ಇರಲಿಲ್ಲ. ಅವನ ಸುತ್ತ ಕೂತಿದ್ದ ಆ ಬೆವರಿದ ಗಂಡಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು ಕೆರೆಗೆ ನೂಕಬೇಕೆನಿಸಿತು. ನಾನು ಡಬ್ಬಿಯನ್ನು ಚೆಲುವನ ಮುಂದಿಟ್ಟು ಅವ್ವನ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ.

"ನನ್ ಡಬ್ಬಿ ಎಲ್ಲವ್ವ?" ಎಂದ ಅಪ್ಪ.

"ನಿಂಗಿಲ್ಲ. ನಿಂಗೆ ಬೇಕರಿ ಐತಂತೆ."

ತಂಡಕ್ಕೆ ತಂಡವೇ ನಕ್ಕಿತು, ಅಪ್ಪನೊಬ್ಬನನ್ನು ಬಿಟ್ಟು. ಚೆಲುವ ಬಟ್ಟೆ ಬಿಚ್ಚಿದ. ಒಗ್ಗರಣೆಯ ಘಮಕ್ಕೆ ವಿಕೆಟ್ ಕೀಪರು ಕೂಡ ತಿರುಗಿ ನೋಡಿದ. "ಇವತ್ತು ಉಪ್ಪು ಅಳ್ತೆಗೆ ಅದೆ ಕಣಣ್ಣ" ಎಂದು ಚೆಲುವ ಸಂತೋಷದಿಂದ ವರದಿ ಕೊಟ್ಟ. ಅಪ್ಪ ದಿಲ್‌ಪಸಂದನ್ನು ಕೈಯಲ್ಲಿ ಹಿಡಿದುಕೊಂಡು ಅವನ ಬಾಯಿಯನ್ನೇ ನೋಡುತ್ತಿದ್ದ. ಒಂದು ತುತ್ತು, ಇನ್ನೊಂದು ತುತ್ತು. ಮೂರನೆಯದು ಬಾಯಿ ಸೇರಲಿಲ್ಲ.

"ಕೊಡ್ಲಾ ಇಲ್ಲಿ! ನನ್ನೊಲ್ದ ಕಾಳು, ನನ್ನೆಂಡ್ತಿ ಮಾಡಿರದು. ನೀನ್ಯಾವನ್ಲಾ ತಿನ್ನಕ್ಕೆ?"

"ನೀನೇ ಅಲ್ವಾ ಅಣ್ಣ, ದನ ತಿನ್ನದ ಮೇವು ಅಂದಿದ್ದು?"

"ಅದು ಓದ್ವಾರ. ಕೊಡು."

ಅಪ್ಪ ಕುರ್ಚಿಯಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು, ಯಾರಾದರೂ ಕಿತ್ತುಕೊಂಡಾರೆಂದು ಅತ್ತಿತ್ತ ನೋಡುತ್ತ, ಕೊನೆಯ ಕಾಳಿನವರೆಗೆ ತಿಂದ. ಅವ್ವ ಇದನ್ನು ಲೆಕ್ಕ ಹಾಕಿ ಮಾಡಿದಳೋ, ಬರೀ ಸಿಟ್ಟಿಗೆ ಮಾಡಿದಳೋ ನನಗೆ ಇಂದಿಗೂ ತಿಳಿಯದು. ಆಮೇಲೂ ಅವಳು ಡಬ್ಬಿ ಕಟ್ಟಿದ್ದು ಚೆಲುವನ ಹೆಸರಿಗೇ. ಅಪ್ಪ ಅದನ್ನು ಪ್ರತಿಸಲ ವಶಪಡಿಸಿಕೊಂಡ. ಮನೆಯಲ್ಲೂ ತಟ್ಟೆಗೆ ಬಿದ್ದದ್ದನ್ನು ಚೆಲುವನಿಗೆ ಎತ್ತಿಟ್ಟಾಳೆಂಬ ಭಯದಲ್ಲಿ ಬೇಗಬೇಗ ತಿಂದ. ಗೆದ್ದೆವೆಂದು ನಾನು ಖುಷಿಪಡಬೇಕಿತ್ತು. ಆದರೆ ನಿಜ ಹೇಳುತ್ತೇನೆ, ನನ್ನ ಅಷ್ಟು ಕಣ್ಣೀರಿಗೆ ಕರಗದವನು ಆ ಬೇಕರಿಯವನ ಎರಡು ತುತ್ತಿಗೆ ಕರಗಿದನಲ್ಲ ಎಂದು ಹೊಟ್ಟೆ ಉರಿದುಹೋಯಿತು. ನಿಮ್ಮ ಅಪ್ಪನೂ ಹೊರಗಿನವರ ಮುಂದೆ ಮಾತ್ರ ಅರಳುವ ಜಾತಿಯವನಾಗಿದ್ದರೆ ನಿಮಗಿದು ಅರ್ಥವಾದೀತು. ಎರಡು ತಿಂಗಳು ತುಂಬಿ ಡಾಕ್ಟರ ಹತ್ತಿರ ಹೋದಾಗ ಸಕ್ಕರೆ ಇಳಿದಿತ್ತು, ಗಾಯದ ಅಂಚು ಒಣಗಿತ್ತು. ಅಪ್ಪ ಅಲ್ಲಿಯೇ ಎದ್ದು ನಿಂತು, ಇಲ್ಲದ ಬ್ಯಾಟನ್ನು ಹಿಡಿದು, ಎಡಗಾಲು ಮುಂದಿಟ್ಟು ತೋರಿಸಿದ.

ಈಗ ಆ ಮನೆಯಿಲ್ಲ. ಬ್ಯಾರನ್ನಿನ ಇಟ್ಟಿಗೆ ಯಾರದೋ ಕಾಂಪೌಂಡಿಗೆ ಹೋಯಿತು. ಅವ್ವ ಮೊದಲು ಹೋದಳು, ಕೆಲವು ವರ್ಷಗಳಿಗೆ ಅಪ್ಪ, ಮಧ್ಯಾಹ್ನದ ನಿದ್ದೆಯಲ್ಲಿ. ಅವನನ್ನು ಮನೆಯ ಅಂಗಳದಲ್ಲಿ ಮಲಗಿಸಿದಾಗ ತಂಡದವರೆಲ್ಲ ಬಂದರು, ತಲೆ ನರೆತು, ಹೊಟ್ಟೆ ಬಂದು, ಪಿರಿಯಾಪಟ್ಟಣದಿಂದ ಎದುರು ತಂಡದವರು ಕೂಡ. ಚೆಲುವ ನನಗಿಂತ ಜೋರಾಗಿ ಅತ್ತ. ಆಮೇಲೆ ಅವರು ಹೊರಗೆ ಕೂತು ಅಪ್ಪ ಆಡಿದ ಮಾತು, ಮಾಡಿದ ಚೇಷ್ಟೆ, ಹಾಡಿದ ಹಾಡು ಒಂದೊಂದಾಗಿ ತೆಗೆದರು. ಅಪ್ಪ ಹಾಡುತ್ತಿದ್ದನೆಂಬುದೇ ನನಗೆ ಗೊತ್ತಿರಲಿಲ್ಲ. ನಾನು ಬಾಗಿಲ ಮರೆಯಲ್ಲಿ ನಿಂತು, ಅವರ ಪಾಲಿಗೆ ಬಂದ ಆ ಮನುಷ್ಯನನ್ನು ಕದ್ದು ಕೇಳಿಸಿಕೊಂಡೆ. ಒಂದು ಭಾನುವಾರವನ್ನಾದರೂ ಇವರು ನನಗೆ ಬಿಟ್ಟುಕೊಡಬಾರದಿತ್ತೇ ಎಂದು ಉರಿದುಕೊಂಡೆ. ಆಮೇಲೆ ಅಪ್ಪನಿಗೆ ಸ್ನಾನ ಮಾಡಿಸಲು ನನ್ನನ್ನು ಕರೆದರು. ಕಾಲಿಗೆ ನೀರು ಹಾಕಿದವಳು ನಾನು. ಹತ್ತು ಬೆರಳೂ ಇದ್ದವು.